ಮಂಗ ಯಾಕೆ ಉಳಿಯಿತು?

ನಾನು ಹುಕ್ಕೇರಿಯವನು, ಮಾಸ್ತರಿಕೆಯಲ್ಲಿಯೇ ಮುಪ್ಪಾದವನು. ಅಷ್ಟು ವರ್ಷಗಳಲ್ಲಿ ಎಷ್ಟೋ ತಪ್ಪು ಕಲಿಸಿರಬೇಕು. ಅವುಗಳಲ್ಲಿ ಒಂದು ಮಾತ್ರ ಇಂದಿಗೂ ನಿದ್ದೆಗೆಡಿಸುತ್ತದೆ.

ಒಮ್ಮೆ ಹುಡುಗರನ್ನು ಕರೆದುಕೊಂಡು ಗೋಕಾಕ ಫಾಲ್ಸಿಗೆ ಹೋಗಿದ್ದೆ. ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುವುದನ್ನು ನೋಡಿ, ಬುತ್ತಿ ಬಿಚ್ಚಿ ಕುಳಿತಾಗ ಮಂಗವೊಂದು ಬಂದು ಒಬ್ಬನ ಕೈಯ ರೊಟ್ಟಿ ಕಸಿದುಕೊಂಡು ಹೋಯಿತು. "ನೋಡ್ರೋ, ನಿಮ್ಮ ಮುತ್ತಜ್ಜ!" ಎಂದೆ. ಎಲ್ಲರೂ ನಕ್ಕರು. ಮೂಡಲಗಿ ಕಡೆಯ ಹುಡುಗನೊಬ್ಬ ಮಾತ್ರ ನಗದೆ, "ಗುರುಗಳ, ಮಂಗ್ಯಾನಿಂದ ಮನಶ್ಯಾ ಆದ್ರ, ಮಂಗ್ಯಾ ಇನ್ನೂ ಯಾಕ ಉಳದಾವ್ರಿ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ನಿನ್ನಂಥಾವರು ಹಿಂದ ಉಳದದ್ದಕ್ಕ" ಎಂದುಬಿಟ್ಟೆ. ನಗೆ ಇಮ್ಮಡಿಯಾಯಿತು. ಆ ಹುಡುಗ ಮತ್ತೆಂದೂ ನನ್ನ ತಾಸಿನಲ್ಲಿ ಬಾಯಿ ತೆರೆಯಲಿಲ್ಲ.

ಉತ್ತರ ಹೊಳೆದದ್ದು ನಿವೃತ್ತನಾದ ಮೇಲೆ, ನಮ್ಮ ಮನೆತನದ ವಂಶಾವಳಿ ಬರೆಯಲು ಕುಳಿತಾಗ. ಮುತ್ತಜ್ಜನ ಇಬ್ಬರು ಮಕ್ಕಳಲ್ಲಿ ಒಬ್ಬ ಹುಕ್ಕೇರಿಯಲ್ಲಿ ಉಳಿದ, ಇನ್ನೊಬ್ಬ ಗೋಕಾಕಕ್ಕೆ ಹೋದ. ಗೋಕಾಕದವರು ಇದ್ದಾರೆಂದು ಹುಕ್ಕೇರಿಯ ನಾವು ಇಲ್ಲವಾಗಬೇಕೆ? ಅವರು ನಮ್ಮಿಂದ ಹುಟ್ಟಿದವರಲ್ಲ. ಒಬ್ಬನೇ ಮುತ್ತಜ್ಜನಿಂದ ಬಂದ ದಾಯಾದಿಗಳು. ಮಂಗನಿಗೂ ನಮಗೂ ಇರುವುದು ಇದೇ ಸಂಬಂಧ. ಎರಡೂ ಕುಲಗಳ ಹಿರಿಯ ಬದುಕಿದ್ದು ಎರಡೂವರೆ–ಮೂರು ಕೋಟಿ ವರ್ಷಗಳ ಹಿಂದೆ. ಅದು ಇಂದಿನ ಮಂಗವೂ ಅಲ್ಲ, ಮನುಷ್ಯನೂ ಅಲ್ಲ.

ದಾಯಾದಿಗಳು ಇಷ್ಟು ಬೇರೆಯಾದದ್ದು ಹೇಗೆ? ಒಂದೇ ತಾಯಿಯ ಮಕ್ಕಳೂ ಒಂದೇ ತರಹ ಇರುವುದಿಲ್ಲ. ಆ ಭೇದಗಳಲ್ಲಿ ಕೆಲವು ಸಂತಾನಕ್ಕೆ ಇಳಿಯುತ್ತವೆ. ಹುಟ್ಟಿದ ಜೀವಗಳೆಲ್ಲ ಬದುಕಿ ಮರಿ ಮಾಡುವುದಿಲ್ಲ. ಇದ್ದ ನೆಲಕ್ಕೆ, ಸಿಗುವ ಮೇವಿಗೆ ಯಾವ ಭೇದ ಒದಗಿಬಂದಿತೋ ಆ ಭೇದವುಳ್ಳವುಗಳ ಸಂತಾನ ಹೆಚ್ಚುತ್ತದೆ. ತಲೆತಲಾಂತರದಲ್ಲಿ ಕುಲದ ರೂಪವೇ ಬದಲಾಗುತ್ತದೆ. 1859ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆ ಇದೇ. ಇದರಲ್ಲಿ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಇಲ್ಲ. ಹಿಂದೆ ಉಳಿದವರೂ ಇಲ್ಲ. ರೊಟ್ಟಿ ಕಸಿದ ಮಂಗವೂ ನಮ್ಮಷ್ಟೇ ದಾರಿ ನಡೆದು ಬಂದದ್ದು.

ಇದು ಟೊಂಗೆಯೊಡೆಯುವ ಮರ. ಒಣಗಿದ ಟೊಂಗೆಗಳೂ ಉಂಟು. ನಮ್ಮ ಗೋಕಾಕದ ಹತ್ತಿರವೇ ದೊರೆತ ಘೇಂಡಾಮೃಗದ ಪಳೆಯುಳಿಕೆಗಳನ್ನು ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟರು ಪರೀಕ್ಷಿಸಿ, ಇದೊಂದು ಹೊಸ ಜಾತಿಯೆಂದು ಬಗೆದು, 1874ರಲ್ಲಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟರು. ಇಂದು ನಮ್ಮ ಸೀಮೆಯ ಕಾಡುಗಳಲ್ಲಿ ಘೇಂಡಾಮೃಗದ ಸುಳಿವಿಲ್ಲ. ಅದರ ದಾಯಾದಿಗಳು ಅಸ್ಸಾಮಿನಲ್ಲಿವೆ. ಜಾತ್ರೆಯಲ್ಲಿ ಓಡುವ ಕುದುರೆಯೂ ಅದರ ದೂರದ ದಾಯಾದಿಯೇ.

ಹೋದ ವರ್ಷ ಮೂಡಲಗಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಬಡಿಸುತ್ತಿದ್ದವನು ಅವನೇ. ತಲೆ ಅರ್ಧ ಬೆಳ್ಳಗಾಗಿತ್ತು. ಊಟವಾದ ಮೇಲೆ ಕೈಹಿಡಿದು ಕೂಡಿಸಿಕೊಂಡು ಇದನ್ನೆಲ್ಲ ಹೇಳಿದೆ. ಅಂದಿನ ಮಾತು ತಪ್ಪಾಯಿತೆಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಅದನ್ನ ಮರ್ತಿಲ್ರಿ ಗುರುಗಳ" ಎಂದ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಅವನ ಮಗಳು ತಟ್ಟನೆ, "ಹಂಗಾರ ಗೋಕಾಕದ ಘೇಂಡಾಮೃಗ ಯಾಕ ಉಳೀಲಿಲ್ರಿ, ಅಜ್ಜಾರ?" ಎಂದಳು.

ಅವನು ನನ್ನ ಮುಖ ನೋಡಿದ.

"ನನಗ ಗೊತ್ತಿಲ್ಲವ್ವಾ. ಛಲೋ ಪ್ರಶ್ನೆ ಕೇಳಿದಿ" ಎಂದೆ.