ಬಾಟಲಿಯೊಳಗಿನ ಕಡಲು

ನಮ್ಮ ಮನೆ ಗೋಡೆಯ ಪಂಚಾಂಗವನ್ನು ಅಜ್ಜಿ ಏಕಾದಶಿಗೆಂದು ನೋಡಿದರೆ ನಾನು ನೋಡುತ್ತಿದ್ದದ್ದು ಕಡಲಿಗೆಂದು. ಅಷ್ಟಮಿಯ ದಿನ ಕುಮಟೆಯ ವನ್ನಳ್ಳಿ ಬಂಡೆಗಳಿಗೆ ಹೋದರೆ ಬಂದ ದಾರಿಗೆ ಸುಂಕವಿಲ್ಲ. ನೀರು ಒಲ್ಲದ ಮನಸ್ಸಿನಿಂದ ಇಳಿದು ಹಾಗೇ ಏರಿಬಿಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರಲ್ಲ, ಆಗ ಭರತವೂ ಜೋರು, ಇಳಿತವೂ ಜೋರು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವ ಈ ಲೆಕ್ಕ ನನಗೆ ಹದಿಮೂರರ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು.

ನೀರು ಸರಿದ ಮೇಲೆ ಬಂಡೆಯ ತಗ್ಗುಗಳಲ್ಲಿ ಬೋಗುಣಿಯಷ್ಟು ಕಡಲು ಉಳಿದಿರುತ್ತದೆ. ನಿಂತು ನೋಡಿದರೆ ಏನೂ ಇಲ್ಲ. ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಶಂಖ ಅಂದುಕೊಂಡದ್ದಕ್ಕೆ ಕಾಲು ಮೂಡಿ ಅದು ಸನ್ಯಾಸಿ ಏಡಿಯಾಗುತ್ತದೆ. (ಮನೆಯ ಮೇಲೆ ಮನೆ ಬದಲಿಸುವವನಿಗೆ ಸನ್ಯಾಸಿ ಅಂತ ಹೆಸರಿಟ್ಟವರು ಯಾರೋ!) ಬಿರುಕಿನಲ್ಲಿ ಕಡಲ ಹೂವು ಎಸಳು ಬಿಡಿಸಿರುತ್ತದೆ, ಕಿರುಬೆರಳು ತಾಗಿಸಿದರೆ ಅಂಟಂಟಾಗಿ ಹಿಡಿದು, ರುಚಿ ಹಿಡಿಸದವರಂತೆ ಬಿಟ್ಟುಬಿಡುತ್ತದೆ.

ಬೆರಳುದ್ದದ, ಬಂಡೆಯದೇ ಬಣ್ಣದ ಮೀನೂ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಗೋಬಿ ಎಂದು ಹೆಸರು. ಮಂಚೂರಿಗೂ ಅದಕ್ಕೂ ಸಂಬಂಧವಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಅಂಥದೊಂದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿಕೊಂಡು ಹೊರಟಿದ್ದೆ. ಚಿಪ್ಪು ಆರಿಸುತ್ತಿದ್ದ ಹೆಂಗಸೊಬ್ಬರು, "ತಮಾ, ಅದ್ನ ಎಂತಕ್ಕೆ ಒಯ್ತೆ? ಬಿಟ್ಬಿಡು," ಅಂದರು. ಬಿಡಲಿಲ್ಲ. ಬೆಳಗಾಗುವಾಗ ಬಾಟಲಿಯಲ್ಲಿ ನೀರಿತ್ತು, ಮೀನಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಇರುವೆಗಳು ಸಾಲುಗಟ್ಟಿದ್ದವು.

ಇಂಥ ಬಾಟಲಿಯ ಹುಚ್ಚು ಇಂಗ್ಲೆಂಡಿಗೆ ಇಡಿಯಾಗಿ ಹಿಡಿದಿತ್ತು. ಫಿಲಿಪ್ ಹೆನ್ರಿ ಗಾಸ್ 1853ರಲ್ಲಿ ಡೆವನ್ ಕಡಲತಡಿಯ ಬಗ್ಗೆ, ಮರುವರ್ಷ ಅಕ್ವೇರಿಯಮ್ ಬಗ್ಗೆ ಪುಸ್ತಕ ಬರೆದ. ಓದಿದವರು ಉಳಿ, ಬುಟ್ಟಿ, ಗಾಜಿನ ಜಾಡಿ ಹಿಡಿದು ದಡಕ್ಕೆ ಮುಗಿಬಿದ್ದರು. ಅಪ್ಪ ಮೆಚ್ಚಿದ ಆ ಹೊಂಡಗಳು ಬರಿದಾದವು ಎಂದು ಮಗ ಎಡ್ಮಂಡ್ 1907ರಲ್ಲಿ ತನ್ನ ಆತ್ಮಕಥನದಲ್ಲಿ ಕೊರಗಿದ. ಅಷ್ಟು ದೊಡ್ಡ ಮನುಷ್ಯನ ತಪ್ಪಿನ ಪಕ್ಕ ನನ್ನದು ಏನು ಮಹಾ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಆ ಸಮಾಧಾನ ಕೆಡಿಸಿದ್ದು ಲೆಸ್ಟರ್ ಆರಾನ್ಸನ್ ಎಂಬ ಅಮೆರಿಕದ ವಿಜ್ಞಾನಿ. ಈ ಗೋಬಿಯ ಅಟ್ಲಾಂಟಿಕ್ ದಾಯಾದಿ ಅಪಾಯ ಬಂದಾಗ ಒಂದು ಹೊಂಡದಿಂದ ಪಕ್ಕದ ಹೊಂಡಕ್ಕೆ ಹಾರುತ್ತದೆ, ಗುರಿ ತಪ್ಪುವುದೇ ಅಪರೂಪ. ಒಳಗಿನಿಂದ ಪಕ್ಕದ ಹೊಂಡ ಕಾಣುವುದಿಲ್ಲವಲ್ಲ, ಮತ್ತೆ ಹೇಗೆ? ಭರತದ ವೇಳೆ ಬಂಡೆಗಳ ಮೇಲೆಲ್ಲ ಈಜಾಡಿ ತಗ್ಗು ಎಲ್ಲಿ, ದಿಬ್ಬ ಎಲ್ಲಿ ಎಂದು ಮೀನು ನೆನಪಿಟ್ಟುಕೊಂಡಿರುತ್ತದೆ. ಕೃತಕ ಹೊಂಡಗಳನ್ನು ಕಟ್ಟಿ ನೋಡಿದಾಗ ಒಂದೇ ಒಂದು ಭರತದ ಪರಿಚಯ ಅದಕ್ಕೆ ಸಾಕಾಗಿತ್ತು. ವಾರಗಳು ಕಳೆದರೂ ಮರೆತಿರಲಿಲ್ಲ. ಈ ಬಗ್ಗೆ ಆತ ಮೊದಲು ಪ್ರಕಟಿಸಿದ್ದು 1951ರಲ್ಲಿ.

ಹೋದ ತಿಂಗಳು ಹುಣ್ಣಿಮೆಯ ಮರುದಿನ ಅದೇ ಬಂಡೆಯ ಮೇಲೆ ಕೂತಿದ್ದೆ. ನನ್ನ ನೆರಳು ಬಿದ್ದದ್ದೇ ತಡ, ಪಟ್ ಎಂದು ಮೀನೊಂದು ಗೇಣುದ್ದದ ಕಲ್ಲು ದಾಟಿ ಆಚೆ ಹೊಂಡಕ್ಕೆ ಬಿತ್ತು. ನನಗೆ ನಮ್ಮ ಹಳೆಯ ಅಡುಗೆಮನೆಯೇ ಕಣ್ಣಿಗೆ ಕಟ್ಟಿತು. ಬಾಟಲಿ ಇಟ್ಟಿದ್ದ ಕಟ್ಟೆಯ ಎಡಕ್ಕೆ, ಒಂದು ಮೊಳ ದೂರದಲ್ಲಿ, ನೀರು ತುಂಬಿದ ಹಂಡೆಯಿತ್ತು. ಮೀನು ಬಿದ್ದದ್ದು ಬಲಕ್ಕೆ.