ಬುಲೆಟ್ಟಿಗೊಂದು ಮೀಟರು

ಶನಿವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗೆಲ್ಲ ನಮ್ಮ ಮನೆಯ ಬುಲೆಟ್ ಗೊತ್ತು. ಶಾಲೆಯ ಗೇಟಿನ ಬಳಿ ಅದು ಬಂದು ನಿಂತರೆ ಒಳಗೆ ಕೂತವರಿಗೂ ತಿಳಿಯುತ್ತದೆ. "ಟೀಚರ್, ಹ್ಯಾಂಡಲ್ ಹತ್ತಿರ ಆ ಕೆಂಪು ದೀಪ ಯಾಕೆ?" ಎಂದು ಈ ವರ್ಷ ನಾಲ್ಕೈದು ಮಕ್ಕಳಾದರೂ ಕೇಳಿದ್ದಾರೆ. ಪಾಠದ ನಡುವೆ ಉತ್ತರ ಹೇಳಲು ಆಗಲಿಲ್ಲ. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಅದನ್ನೇ ಬರೆಯೋಣ ಎಂದು ಮನೆಯಲ್ಲಿ ಮಾತಾಡಿಕೊಂಡೆವು. ಆದ್ದರಿಂದ ಇಲ್ಲಿ 'ನಾವು' ಎಂದರೆ ನಾವಿಬ್ಬರು, ಗಂಡ ಹೆಂಡತಿ. ಒಬ್ಬರು ಗಾಡಿ ಓಡಿಸುವವರು, ಇನ್ನೊಬ್ಬರು ಹಿಂದೆ ಕೂರುವವರು. ಬರೆಯುವ ಕೆಲಸ ಮಾತ್ರ ಹಿಂದೆ ಕೂರುವವರ ಪಾಲಿಗೆ ಬಂದಿದೆ.

ನಾವಿರುವ ಫೆಲ್ಥಮ್ಮಿನಲ್ಲಿ ಸದ್ದಿಗೆ ಕೊರತೆಯಿಲ್ಲ. ಪಕ್ಕದಲ್ಲೇ ಹೀಥ್ರೂ ವಿಮಾನ ನಿಲ್ದಾಣ. ಊರಿನ ನಡುವೆ ರೈಲು. ಈ ಸದ್ದುಗಳ ನಡುವೆಯೂ ನಮ್ಮ ಬುಲೆಟ್ಟಿನ ದನಿಯನ್ನು ಗುರುತಿಸುವುದು ನಮಗೆ ಅಭ್ಯಾಸವಾಗಿತ್ತು. ಅದು 2001ರ ಗಾಡಿ, ಚೆನ್ನೈಯಲ್ಲಿ ತಯಾರಾದದ್ದು. ಹಳೆಯ ಕ್ರಮದಂತೆ ಬಲಗಾಲಿಗೆ ಗೇರು, ಅದೂ ನಾಲ್ಕೇ. ಇದರ ಕತೆ ಮಕ್ಕಳಿಗೆ ಹಿಡಿಸಬಹುದು. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ಕಂಪನಿ. 1955ರಲ್ಲಿ ಅದು ಮದ್ರಾಸಿನವರ ಜೊತೆ ಸೇರಿ ಅಲ್ಲಿಯೂ ಬುಲೆಟ್ ತಯಾರಿಕೆಗೆ ಇಳಿಯಿತು. ಮುಂದೆ ಇಲ್ಲಿಯ ಕಾರ್ಖಾನೆ ಮುಚ್ಚಿತು, ಮದ್ರಾಸಿನದು ಉಳಿಯಿತು. 1977ರಿಂದ ಮದ್ರಾಸಿನ ಬುಲೆಟ್ಟೇ ಇಂಗ್ಲೆಂಡಿಗೆ ಬರತೊಡಗಿತು. ನಮ್ಮ ಹಾಗೆ ಅದೂ ಅಲ್ಲಿಂದ ಇಲ್ಲಿಗೆ ಬಂದದ್ದು.

ಇವರಿಗೆ ಗಾಡಿಯ ಹುಚ್ಚು ಬಂದದ್ದು ತಂದೆಯಿಂದ. ನಮ್ಮ ಮಾವನವರು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಆರಂಭವಾದ ಆ ಕಾರ್ಖಾನೆಯಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ಹೊರಬಂದವು. ಗೇರು ಹಾಕುವ ಸನ್ನೆಯನ್ನೇ ತಿರುಗಿಸಿ ಕಿಕ್ ಹೊಡೆಯುವ ಗಾಡಿ ಅದು. ನೋಡಿದವರು ಮರೆಯುವುದಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಮಾವ ಒಂದು ಚಿಕ್ಕ ಗ್ಯಾರೇಜು ಇಟ್ಟುಕೊಂಡರು. ರಸ್ತೆಯ ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದರು. "ಗಾಡೀನ ಕಿವೀಲಿ ಓಡಿಸ್ಬೇಕು ಕಣೋ" ಎಂಬುದು ಅವರು ಮಗನಿಗೆ ಕಲಿಸಿದ ಮೊದಲ ಪಾಠ. ಇಂಜಿನ್ ಗೊಣಗಿದರೆ ಗೇರು ಇಳಿಸು, ಕಿರುಚಿದರೆ ಏರಿಸು. ಇವರು ಇಪ್ಪತ್ತು ವರ್ಷ ಹಾಗೆಯೇ ಓಡಿಸಿದರು.

ಹೋದ ವರ್ಷ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ ಇವರ ಬಲಗಿವಿ ಕೇಳಿಸುತ್ತಿರಲಿಲ್ಲ. ಒಳಗೆ ಗುಂಯ್ ಎಂಬ ಸದ್ದು ಮಾತ್ರ. ಶೀತ ಇರಬೇಕು, ಗುಗ್ಗೆ ಕಟ್ಟಿರಬೇಕು ಎಂದುಕೊಂಡು ಎರಡು ವಾರ ಕಳೆದುಬಿಟ್ಟೆವು. ಅದು ನಮ್ಮದೇ ತಪ್ಪು. ಕಿವಿ ಹೀಗೆ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅದು ತುರ್ತು ಸಂಗತಿ. ಒಂದು ದಿನವೂ ಕಾಯದೆ ಡಾಕ್ಟರ ಬಳಿ ಹೋಗಬೇಕು. ಪೋಷಕರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಸ್ಟಿರಾಯ್ಡ್ ಮಾತ್ರೆ ಕೊಟ್ಟರು, ಪರೀಕ್ಷೆಗಳಾದವು, ಆದರೆ ಹೋದದ್ದು ಮರಳಿ ಬರಲಿಲ್ಲ. ಎಡಗಿವಿ ಮೊದಲೇ ಸ್ವಲ್ಪ ಮಂದ. ಎದುರು ಕೂತು ಮಾತಾಡಿದರೆ ತೊಂದರೆಯಿಲ್ಲ. ಹೆಲ್ಮೆಟ್ ಹಾಕಿ ಗಾಳಿಗೆ ಹೊರಟರೆ ಇಂಜಿನ್ನಿನ ಸದ್ದು ಪೂರ್ತಿ ಮುಳುಗಿಹೋಗುತ್ತಿತ್ತು.

ಗಾಡಿ ಬಿಟ್ಟುಬಿಡೋಣವೇ ಎಂದು ಯೋಚಿಸಿದೆವು. ಇವರದು ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನಲ್ಲಿ ಓಡಾಟ. ಇಲ್ಲಿಯ ನಿಯಮದಂತೆ ಕಾರು ಅಥವಾ ಮೋಟರ್ ಸೈಕಲ್ ಲೈಸೆನ್ಸ್ ಇರುವವರು ಕಿವುಡುತನದ ವಿಷಯವನ್ನು ಲೈಸೆನ್ಸ್ ಕಚೇರಿಗೆ ತಿಳಿಸಬೇಕಾಗಿಲ್ಲ. ಬಸ್ಸು, ಲಾರಿ ಓಡಿಸುವವರು ತಿಳಿಸಬೇಕು. ಕಾನೂನಿನ ಅಡ್ಡಿ ಇರಲಿಲ್ಲ, ಅಭ್ಯಾಸದ್ದೇ ತೊಂದರೆ. ಒಮ್ಮೆ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಆಗಿತ್ತು. ಅದು ತಿಳಿಯದೆ ಹಸಿರು ದೀಪ ಬಂದ ಕೂಡಲೇ ಇವರು ಕ್ಲಚ್ ಬಿಟ್ಟರು. ಹಿಂದಿನ ಕಾರುಗಳು ಹಾರ್ನ್ ಹೊಡೆದದ್ದೂ ತಿಳಿಯಲಿಲ್ಲ. ಇನ್ನೊಮ್ಮೆ ಎರಡನೇ ಗೇರಿನಲ್ಲೇ ಹ್ಯಾನ್‌ವರ್ತ್ ತನಕ ಎಳೆದುಕೊಂಡು ಹೋದೆವು. ಬುಲೆಟ್ ಎಲ್ಲ ವೇಗದಲ್ಲೂ ನಡುಗುವ ಗಾಡಿ, ನಡುಕದಿಂದ ಲೆಕ್ಕ ಹಿಡಿಯುವುದು ಕಷ್ಟ. ಆಮೇಲೆ ಹಿಂದೆ ಕೂತವರು ಭುಜ ತಟ್ಟಿ ಗೇರು ಹೇಳುವ ಏರ್ಪಾಡು ಮಾಡಿಕೊಂಡೆವು. ಒಂದು ತಟ್ಟಿದರೆ ಏರಿಸು, ಎರಡು ತಟ್ಟಿದರೆ ಇಳಿಸು. ಶನಿವಾರಕ್ಕೆ ಅದು ಸರಿ. ರಾತ್ರಿ ಪಾಳಿಗೆ ಹೋಗುವಾಗ ಭುಜ ತಟ್ಟುವವರು ಯಾರು?

ಮೈಸೂರಿಗೆ ಈ ವಿಷಯ ನಾವು ಹೇಳಿರಲಿಲ್ಲ. ಪ್ರತಿ ಭಾನುವಾರ ಮಾವ ಫೋನ್ ಮಾಡಿದಾಗ ಇವರು ಎಡಗಿವಿಗೆ ಒತ್ತಿಹಿಡಿದು, ಕೇಳಿಸಿದ್ದಕ್ಕೂ ಕೇಳಿಸದ್ದಕ್ಕೂ "ಹೂಂ ಅಪ್ಪ, ಹೂಂ" ಎನ್ನುತ್ತಿದ್ದರು. ವಯಸ್ಸಾದವರು, ಸುಮ್ಮನೆ ಯಾಕೆ ಚಿಂತೆ ಕೊಡುವುದು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ಆ ತಂದೆಯ ಮಗನಿಗೆ ಕಿವಿ ಹೋಯಿತು ಎಂದು ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ತರಿಸಿದ್ದು ಒಂದು ಟ್ಯಾಕೋಮೀಟರು, ಆರ್‌ಪಿಎಂ ಮೀಟರ್ ಎನ್ನುತ್ತಾರಲ್ಲ ಅದು. ಸ್ಪೀಡೋಮೀಟರ್ ಗಾಡಿಯ ವೇಗ ಹೇಳಿದರೆ, ಇದು ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ಹೇಳುತ್ತದೆ. ನಮ್ಮ ಬುಲೆಟ್ಟಿನಲ್ಲಿ ಸ್ಪೀಡೋಮೀಟರ್ ಇದೆ, ಆಂಪಿಯರ್ ಮೀಟರೂ ಇದೆ, ಇದೊಂದು ಇರಲಿಲ್ಲ. ಜೊತೆಗೆ ಒಂದು ಪುಟ್ಟ ಕೆಂಪು ದೀಪ. ನಾವು ನಿಗದಿ ಮಾಡಿದ ಸುತ್ತು ಮುಟ್ಟಿದ ಕೂಡಲೇ ಅದು ಹೊತ್ತಿಕೊಂಡು ಗೇರು ಏರಿಸಲು ಹೇಳುತ್ತದೆ. ಇನ್ಶೂರೆನ್ಸಿನವರಿಗೆ ಮೊದಲೇ ಫೋನ್ ಮಾಡಿ ತಿಳಿಸಿದೆವು. ಗಾಡಿಗೆ ಏನು ಸೇರಿಸಿದರೂ ಇಲ್ಲಿ ಅವರಿಗೆ ಹೇಳಬೇಕು.

ಯುಗಾದಿ ಕಳೆದ ಮೇಲಿನ ಭಾನುವಾರ ಮನೆಯ ಹಿಂದೆ ಕೆಲಸಕ್ಕೆ ಕೂತೆವು. ಇವರು ಸ್ಪ್ಯಾನರ್ ಹಿಡಿದರು, ಭಾಷೆ ಕಲಿಸುವವರು ಸೂಚನೆಯ ಹಾಳೆ ಹಿಡಿದರು. ಯಾವ ದೇಶದಲ್ಲಿ ಬರೆದ ಇಂಗ್ಲಿಷೋ, ಕ್ರಿಯಾಪದವೇ ಇಲ್ಲದ ವಾಕ್ಯಗಳು. ಹತ್ತು ವರ್ಷದ ಮಗಳು ಟಾರ್ಚು ಹಿಡಿದಳು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆವು. ಮೀಟರಿಗೆ ನಾಲ್ಕು ತಂತಿ. ಒಂದು, ಕೀಲಿ ತಿರುಗಿಸಿದಾಗ ಮಾತ್ರ ಹನ್ನೆರಡು ವೋಲ್ಟ್ ಬರುವ ಕಡೆಗೆ, ನಡುವೆ ಒಂದು ಫ್ಯೂಸು. ಎರಡನೆಯದು ಅರ್ತಿಂಗಿಗೆ, ಬಣ್ಣ ಕೆರೆದ ಬರಿಯ ಲೋಹಕ್ಕೆ. ಮೂರನೆಯದು ರಾತ್ರಿ ಮೀಟರಿನ ಮುಖ ಬೆಳಗುವ ದೀಪಕ್ಕೆ. ನಾಲ್ಕನೆಯದೇ ಮುಖ್ಯ. ಅದನ್ನು ಇಗ್ನಿಷನ್ ಕಾಯಿಲ್ಲಿನಿಂದ ಪಾಯಿಂಟಿಗೆ ಹೋಗುವ ತುದಿಗೆ ಸೇರಿಸಬೇಕು. ಪ್ಲಗ್ಗಿನಲ್ಲಿ ಒಂದೊಂದು ಕಿಡಿ ಹಾರಿದಾಗಲೂ ಆ ತಂತಿಯಲ್ಲಿ ಒಂದು ಮಿಡಿತ ಬರುತ್ತದೆ, ಮೀಟರ್ ಅದನ್ನು ಎಣಿಸುತ್ತದೆ. ಕೆಂಪು ದೀಪವನ್ನು ಓಡಿಸುವವರ ಕಡೆಗೆ ಮುಖ ಮಾಡಿ ಕೂರಿಸಿದೆವು. ವಾಹನದಿಂದ ಮುಂದಕ್ಕೆ ಕೆಂಪು ಬೆಳಕು ಕಾಣಿಸುವಂತಿಲ್ಲ ಎಂಬುದು ಇಲ್ಲಿಯ ನಿಯಮ.

ಮೂರನೇ ಕಿಕ್ಕಿಗೆ ಇಂಜಿನ್ ಹೊತ್ತಿತು. ಮುಳ್ಳು ಎದ್ದು ಐನೂರರ ಬಳಿ ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು. ದೀಪವನ್ನು 4,500ಕ್ಕೆ ಇಟ್ಟೆವು. ಕೆಲಸ ಮುಗಿಯಿತೆಂದು ಒಳಗೆ ಬಂದು ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತು. ಮಗಳು ನಮ್ಮನ್ನು ಕೇಳದೆಯೇ ವಿಡಿಯೋ ತೆಗೆದು ತಾತನಿಗೆ ಕಳಿಸಿದ್ದಳು.

"ಏನೋ ಮಗಾ, ಮುಳ್ಳು ಐನೂರು ತೋರಿಸ್ತಾ ಇದೆ. ಐನೂರಕ್ಕೆ ಬುಲೆಟ್ ಹೀಗೆ ನಿಲ್ಲತ್ತೇನೋ? ಐನೂರಾದ್ರೆ ಸೆಕೆಂಡಿಗೆ ನಾಲ್ಕು ಏಟು, ಎಣಿಸಬಹುದು. ಇದು ಎಣಿಕೆಗೇ ಸಿಗ್ತಿಲ್ಲ. ಹತ್ರ ಹತ್ರ ಸಾವಿರ ಇದೆ. ನಿಂಗೆ ಗೊತ್ತಾಗ್ಲಿಲ್ವಾ?"

ಇವರು ಸುಮ್ಮನಿದ್ದರು.

"ಕೇಳಿಸ್ಲಿಲ್ವೇನೋ?"

"ಇಲ್ಲ ಅಪ್ಪ. ನವೆಂಬರಿನಿಂದ ನಂಗೆ ಸರಿಯಾಗಿ ಕೇಳಿಸ್ತಾ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮೈಸೂರಿನ ಮನೆಯ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಮಾವ ದನಿ ಏರಿಸಿ, ಒಂದೊಂದೇ ಮಾತು ಬಿಡಿಸಿ ಕೇಳಿದರು. ಯಾವ ಕಿವಿ, ಡಾಕ್ಟರು ಏನಂದರು, ನೋವಿದೆಯಾ. ಎಲ್ಲಕ್ಕೂ ಇವರು ಉತ್ತರ ಹೇಳಿದರು. ಎಲ್ಲ ಕೇಳಿ ಮುಗಿದ ಮೇಲೆ, "ಸರಿ. ಮೀಟರ್ ಹಿಂದೆ ಸ್ವಿಚ್ ಏನಾದ್ರೂ ಇದ್ಯಾ ನೋಡು. ಅದು ನಮ್ಮ ಯೆಜ್ಡಿ ಲೆಕ್ಕ ಹಾಕ್ತಾ ಇದೆ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಇಂಜಿನ್ನಿನ ಒಂದೊಂದು ಸುತ್ತಿಗೂ ಒಂದು ಕಿಡಿ. ಬುಲೆಟ್ ಫೋರ್ ಸ್ಟ್ರೋಕ್. ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊರಗೆ ತಳ್ಳುವುದು, ಈ ನಾಲ್ಕು ಮುಗಿಯಲು ಎರಡು ಸುತ್ತು ಬೇಕು. ನಮ್ಮ ಗಾಡಿಯಲ್ಲಿ ಎರಡು ಸುತ್ತಿಗೆ ಒಂದೇ ಕಿಡಿ. ಮೀಟರು ಕಿಡಿಗೊಂದು ಸುತ್ತು ಎಂದು ಎಣಿಸಿ ಅರ್ಧ ತೋರಿಸುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ 4,500ಕ್ಕೆ ಹೊತ್ತಬೇಕಾದ ದೀಪಕ್ಕೆ ನಿಜದಲ್ಲಿ 9,000 ಸುತ್ತು ಬೇಕಾಗುತ್ತಿತ್ತು. ಬುಲೆಟ್ ಅಷ್ಟು ತಿರುಗುವ ಗಾಡಿಯಲ್ಲ. ದೀಪವನ್ನೇ ನಂಬಿ ಕಾದಿದ್ದರೆ ಇಂಜಿನ್ ಕೈಕೊಡುತ್ತಿತ್ತು, ಅದೂ ರಾತ್ರಿ, ನಡುರಸ್ತೆಯಲ್ಲಿ. ಹಿಂದಿನ ಪುಟ್ಟ ಸ್ವಿಚ್ಚನ್ನು ಒಂದು ಮನೆ ಸರಿಸಿದೆವು. ಮುಳ್ಳು ಸಾವಿರಕ್ಕೆ ಬಂದು ನಿಂತಿತು.

ಫೋನ್ ಇಡುವ ಮೊದಲು ಮಾವ, "ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ" ಎಂದರು. "ತಪ್ಪಾಯ್ತು ಮಾವ" ಎನ್ನುವುದು ಬಿಟ್ಟರೆ ನಮ್ಮ ಬಳಿ ಬೇರೆ ಉತ್ತರ ಇರಲಿಲ್ಲ. ಈಗ ಭಾನುವಾರದ ಫೋನಿನಲ್ಲಿ ಅವರು ನಿಧಾನವಾಗಿ, ಗಟ್ಟಿಯಾಗಿ ಮಾತಾಡುತ್ತಾರೆ. ಇವರೂ "ಹೂಂ" ಎನ್ನುವುದನ್ನು ಬಿಟ್ಟು "ಅಪ್ಪ, ಇನ್ನೊಂದು ಸಲ ಹೇಳಿ" ಎನ್ನುತ್ತಾರೆ.

ಅಂದಿನಿಂದ ತರಗತಿಯಲ್ಲಿಯೂ ಒಂದು ವಿಷಯ ನಮ್ಮ ಗಮನಕ್ಕೆ ಬರುತ್ತಿದೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ 'ತ' 'ಟ', 'ಲ' 'ಳ' ನಡುವಿನ ವ್ಯತ್ಯಾಸ ಎಷ್ಟೋ ಸಲ ಕಿವಿಗೆ ಸಿಗುವುದಿಲ್ಲ. "ಗೊತ್ತಾಯ್ತಾ?" ಎಂದರೆ ಎಲ್ಲರೂ "ಹೂಂ ಟೀಚರ್" ಎನ್ನುತ್ತಾರೆ. ಆ 'ಹೂಂ' ನಮಗೆ ಚೆನ್ನಾಗಿ ಪರಿಚಯವಾದದ್ದು. ಹಾಗಾಗಿ ಈಗ ಕಣ್ಣಿಗೂ ಕೆಲಸ ಕೊಡುತ್ತೇವೆ. ಬಾಯಿಯ ಮುಂದೆ ಒಂದು ತೆಳು ಕಾಗದದ ಚೂರು ಹಿಡಿದು 'ಪ' ಎಂದರೆ ಅದು ಹೆಚ್ಚು ಅಲುಗುವುದಿಲ್ಲ, 'ಫ' ಎಂದರೆ ಹಾರುತ್ತದೆ. ಕೇಳಿಸದಿದ್ದದ್ದು ಕಣ್ಣಿಗೆ ಕಂಡ ಮೇಲೆ ಕೆಲವು ವಾರಗಳಲ್ಲಿ ಕಿವಿಗೂ ಸಿಗತೊಡಗುತ್ತದೆ.

ಮಕ್ಕಳೇ, ಆ ಕೆಂಪು ದೀಪ ಹಾಕಿಸಿದ್ದು ಇದಕ್ಕೇ. ನಿಮಗೂ ಪಾಠ ಕೇಳಿಸದಿದ್ದರೆ, ತಿಳಿಯದಿದ್ದರೆ ಇಲ್ಲ ಎಂದು ಹೇಳಿ. ಬೈಯುವುದಿಲ್ಲ. ಪೋಷಕರೇ, ಮನೆಯಲ್ಲಿ ಮಕ್ಕಳು ಹಾಗೆ ಹೇಳಿದರೆ ನೀವೂ ಬೈಯಬೇಡಿ. ಇನ್ನು ದೀಪ ಹೊತ್ತುವುದನ್ನು ನೋಡಬೇಕೆನ್ನುವವರು ಶನಿವಾರ ತರಗತಿ ಮುಗಿದ ಮೇಲೆ ಗೇಟಿನ ಬಳಿ ಬನ್ನಿ, ತೋರಿಸುತ್ತೇವೆ. ಕಿವಿ ಮುಚ್ಚಿಕೊಂಡು ನಿಂತರೆ ಸಾಕು.