ಬೆಣ್ಣಿ ತಗಿಯೂ ಹೆಣ್ಮಗಳು

ಮಗಳ ಬಾಣಂತನಕ್ಕಂತ ಮ್ಯೂನಿಕ್‌ಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಬಂದಕೂಡ್ಲೆ ಎಲ್ಲಾರೂ ಕೇಳಿದ್ದು ಒಂದ ಮಾತು, "ಅಲ್ಲೆ ಏನೇನು ನೋಡಿದ್ರಿ ವೈನಿ?" ಅರಮನಿ ನೋಡಿದೆ, ಹಿಮ ನೋಡಿದೆ. ಆದ್ರ ಮನಸಿನ್ಯಾಗ ಕೂತದ್ದು ಒಂದು ಗೇಣುದ್ದದ ಚಿತ್ರ. ಅದರ ಲಿಲಾವ ಆಗೂ ಮುಂದ ನಾನೂ ಅಲ್ಲೇ ಕೂತಿದ್ದೆ. ಇವತ್ತ ಅದನ್ನ ಹೇಳ್ತೀನಿ.

ಮಗಳ ಬಾಜೂ ಮನ್ಯಾಗ ಒಬ್ಬ ಅಜ್ಜಿ ಇದ್ದಾರ, ಎಪ್ಪತ್ತು ದಾಟ್ಯಾವ. ಕೂಸು ರಾತ್ರಿ ಅತ್ತರ ಸಿಟ್ಟಾಗ್ತಾರೋ ಏನೋ ಅಂತ ನಾ ಹೆದರಿದ್ದೆ. ಅವರು ನೋಡಿದ್ರ ಸೇಬಿನ ಕೇಕ್ ಮಾಡ್ಕೊಂಡು ಕೂಸಿನ್ನ ನೋಡ್ಲಿಕ್ಕೆ ಬಂದ್ರು. ನಾ ಬೇಸನ್ ಉಂಡಿ ಕಟ್ಟಿ ಕೊಟ್ಟೆ. ಅವರಿಗೆ ಕನ್ನಡ ಬರೂದಿಲ್ಲ, ನನಗ ಜರ್ಮನ್ ಬರೂದಿಲ್ಲ, ನಡುವ ಮಗಳು. ಹಂಗ ನಮ್ಮ ಗೆಳೆತನ ಆತು.

ಅವರ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ರು. ಮೂರು ಮಂದಿ ಮಕ್ಕಳು ಮನಿ ಖಾಲಿ ಮಾಡಿ ಸಾಮಾನೆಲ್ಲಾ ಹಂಚಿಕೊಂಡ್ರು. ಕಡೀಕ ಅಡಗಿಮನಿ ಗ್ವಾಡಿ ಮ್ಯಾಲಿನ ಒಂದು ಚಿತ್ರ ಉಳೀತು. ಮೂವರೂ ನಂಗ ಬೇಕು ಅಂದ್ರು. ಚಿತ್ರಾನ ಹೋಳಿಗಿ ಹಂಗ ಹರಿದು ಹಂಚಲಿಕ್ಕೆ ಬರೂದಿಲ್ಲಲ್ಲ! "ಲಿಲಾವಕ್ಕ ಕೊಟ್ಟು ರೊಕ್ಕಾ ಹಂಚಿಕೊಳ್ಳೋಣ" ಅಂದ ಅವರ ಅಣ್ಣ. ಇವರು ಹೂಂ ಅಂದ್ರು.

ಲಿಲಾವಕ್ಕಿಂತ ಮೊದಲ ಕೆಲವು ದಿನ ಸಾಮಾನೆಲ್ಲಾ ನೋಡ್ಲಿಕ್ಕೆ ಇಟ್ಟಿರ್ತಾರ. ಯಾರು ಬೇಕಾದ್ರೂ ಹೋಗಬಹುದು. ಅಜ್ಜಿ ಒಬ್ಬರ ಹೋಗಲಿಕ್ಕೆ ಮನಸಿಲ್ಲದ ನಮ್ಮನ್ನ ಕರದ್ರು. ಕೂಸಿನ್ನ ಅಳಿಯನ ಕೈಯಾಗ ಕೊಟ್ಟು ಹೋದ್ವಿ.

24 ಸೆಂಟಿಮೀಟರ್ ಎತ್ತರ, 18 ಅಗಲ. ಹಲಗಿ ಮ್ಯಾಲ ಎಣ್ಣಿ ಬಣ್ಣ. ರೈತರ ಮನಿ ಅಡಗಿಮನಿ, ಸಣ್ಣ ಕಿಡಕಿ, ಕಿಡಕಿಯಿಂದ ಬೆಳಕು. ಒಬ್ಬಾಕಿ ಸ್ಟೂಲಿನ ಮ್ಯಾಲ ಕೂತು, ಎತ್ತರದ ಕಟಗಿ ಪೀಪಾಯಿ ಮೊಣಕಾಲ ನಡುವ ಹಿಡಕೊಂಡು, ಎರಡೂ ಕೈಲೆ ಒಂದು ಕೋಲು ಹಿಡದಾಳ. ಕಾಲ ಬುಡಕ ಬೆಕ್ಕು. ಮಗಳು ಓದಿ ಹೇಳೂಕಿಂತ ಮೊದಲ ನಾ ಅಂದೆ, "ಈಕಿ ಬೆಣ್ಣಿ ತಗೀಲಿಕತ್ತಾಳ."

ನಮ್ಮಂಗ ಹಗ್ಗ ಸುತ್ತಿ ತಿರುಗಿಸೂ ಕಡಗೋಲ ಅಲ್ಲ ಅವರದು. ಕೋಲಿನ ತುದಿಗೆ ತೂತಿನ ಹಲಗಿ ಇರ್ತದ, ಮುಚ್ಚಳದಾಗಿಂದ ತೂರಿಸಿ ಮ್ಯಾಲ ಕೆಳಗ ಕುಟ್ಟಬೇಕು. ನಾವು ಮಸರು ಕಡೀತೀವಿ, ಅವರು ಕೆನಿ. ರಟ್ಟಿ ನೋವು ಮಾತ್ರ ಎರಡೂ ಕಡೆ ಒಂದ! ಆದ್ರ ಚಿತ್ರದಾಗಿನ ಆಕಿ ಮಾರಿ ಮ್ಯಾಲ ಒಂದು ಹನಿ ಬೆವರಿಲ್ಲ, ತಲಿ ಮ್ಯಾಲಿನ ಅರಿವಿ ಸೈತ ಕೆಟ್ಟಿಲ್ಲ. ತಗದಾಂವ ಒಮ್ಮೆರ ಬೆಣ್ಣಿ ತಗದಿದ್ರ ಹಿಂಗ ತಗೀತಿದ್ದಿಲ್ಲ ಅಂದೆ. ಅಜ್ಜಿ ಭಾಳ ನಕ್ರು.

ಆಮ್ಯಾಲ ಮಗಳು ತಿಳಿಸಿ ಹೇಳಿದ್ಲು. ಇಂಥಾ ಚಿತ್ರ ತಗೋತಿದ್ದವರು ಪ್ಯಾಟಿ ಮಂದಿ. ಮ್ಯೂನಿಕ್‌ನ್ಯಾಗ 1823ರಾಗ ಒಂದು ಕಲಾ ಸಂಘ ಹುಟ್ಟಿತು. ಸದಸ್ಯರು ವಂತಿಗಿ ಕೊಡೂದು, ಆ ರೊಕ್ಕದಾಗ ಸಂಘ ಚಿತ್ರ ಕೊಳ್ಳೂದು, ಚೀಟಿ ಎತ್ತಿ ಹಂಚೂದು. ನಮ್ಮ ಭಿಶಿ ಇದ್ದಂಗ ನೋಡ್ರಿ! ಅರಮನಿ ಗ್ವಾಡಿಗೆ ದೊಡ್ಡ ಚಿತ್ರ, ಸಾದಾ ಮನಿಗೆ ಸಣ್ಣದು. ಚಿತ್ರಕಾರರು ಬ್ಯಾಸಗಿಯೊಳಗ ಹಳ್ಳಿ ಕಡೆ, ಕೀಮ್ಸೇ ಅನ್ನೂ ಕೆರಿ ನಡುವಿನ ದ್ವೀಪದ ಕಡೆ ಹೋಗಿ ಇಂಥಾ ಚಿತ್ರ ತಗದು ತರತಿದ್ರು. ಆದ್ರ ಅಲ್ಲೆ ಒಕ್ಕಲಿಗರ ಮನ್ಯಾಗ ಆಳಾಗಿದ್ದ ಹೆಣ್ಮಕ್ಕಳಿಗೆ ವರ್ಷದ ಪಗಾರ ಒಮ್ಮೆ, ಫೆಬ್ರುವರಿ 2ರ ಹಬ್ಬಕ್ಕ ಕೊಡತಿದ್ರಂತ. ಮನಿ ಬದಲು ಮಾಡೂದಿದ್ರೂ ಅವತ್ತ. ಅದೆಲ್ಲಾ ಚಿತ್ರದಾಗ ಎಲ್ಲೆ ಕಾಣಬೇಕು? ಎಲ್ಲಾರೂ ಹಂಗಿರಲಿಲ್ಲ ಮತ್ತ. ಲೈಬ್ಲ್ ಅನ್ನಾಂವ 1878ರಿಂದ 1882ರ ತನಕ ಚರ್ಚಿನ್ಯಾಗ ಕೂತ ಮೂರು ಹೆಣ್ಮಕ್ಕಳ ಒಂದ ಚಿತ್ರ ತಗದ. ಅದರಾಗಿನ ಮುದುಕಿ ಕೈ ನೋಡಿದ್ರ ಆಕಿ ಎಷ್ಟು ದುಡದಾಳಂತ ಯಾರೂ ಹೇಳೂದ ಬ್ಯಾಡ. ಮಗಳು ಫೋನಿನ್ಯಾಗ ತೋರಿಸಿದ್ಲು.

ಅಲ್ಲಿದ್ದ ತಜ್ಞ ಚಿತ್ರ ಕೈಯಾಗ ತಗೊಂಡಾಂವ ಮೊದಲ ಅದನ್ನ ಬೋರಲ ಹಾಕಿದ. ನಂಗ ಆಶ್ಚರ್ಯ ಆತು. ಮುಂದಿನ ಬದಿಕ್ಕಿಂತ ಹಿಂದಿನ ಬದಿ ಹೆಚ್ಚು ಮಾತಾಡತದಂತ. ಯಾವ ಅಂಗಡಿ ಚೀಟಿ ಅದ, ಯಾರ ಮನ್ಯಾಗಿತ್ತು, ಯಾರ ಕೈಬರಹ ಅದ, ಎಲ್ಲಾ ಹಿಂದ. ಇದಕ್ಕ ಮುಂದ ಸಹಿ ಇಲ್ಲ, ಹಿಂದ ಅರ್ಧ ಹರದ ಒಂದು ಚೀಟಿ ಅಷ್ಟ. ಹಿಂಗಾಗಿ ಪಟ್ಟಿಯೊಳಗ "ಜರ್ಮನ್ ಚಿತ್ರಕಾರ, 19ನೇ ಶತಮಾನ" ಅಂತ ಬರದಿದ್ರು. ಅಂದಾಜು ಬೆಲಿ 600ರಿಂದ 800 ಯೂರೋ. ಸ್ಪಿಟ್ಸ್‌ವೆಗ್ ಅಂತ ಒಬ್ಬಾಂವ ಇದ್ನಂತ, ಮೊದಲ ಔಷಧ ಅಂಗಡಿ ಕೆಲಸ, ಆಮ್ಯಾಲ ಚಿತ್ರಕಾರ. ಸಿಗಾರ್ ಡಬ್ಬಿ ಹಲಗಿ ಮ್ಯಾಲೂ ಚಿತ್ರ ತಗದಾನ. ಅಂಥವನ ಹೆಸರಿದ್ರ ಇಷ್ಟ ಸಣ್ಣ ಹಲಗಿಗೂ ಸಾವಿರಗಟ್ಲೆ ರೊಕ್ಕಾ.

"ನಿಮ್ಮ ತಾಯಿಗೆ ಇದು ಎಲ್ಲಿಂದ ಬಂತು?" ಅಂತ ಆತ ಕೇಳಿದ. ಅಜ್ಜಿ ಸುಮ್ಮನಾದ್ರು. "ಈಕಿ ನಿಮ್ಮ ಮುತ್ತಜ್ಜಿ ಅಂತ ಅವ್ವ ಸಣ್ಣವರಿದ್ದಾಗ ಹೇಳತಿದ್ಲು. ಖರೇನೋ ಚಾಷ್ಟೀನೋ, ನಾವ್ಯಾರೂ ಕೇಳಲಿಲ್ಲ" ಅಂದ್ರು.

ಲಿಲಾವದ ದಿನ ನಾವೂ ಹೋದ್ವಿ. ಮಂದಿ ಕಡಿಮಿ, ಫೋನಿನ್ಯಾಗ, ಕಂಪ್ಯೂಟರಿನ್ಯಾಗ ಕೂಗೂವರ ಹೆಚ್ಚು. 400ಕ್ಕ ಶುರು ಆತು. ಒಂದ ಸಲ, ಎರಡ ಸಲ, ಮೂರ ಸಲ. 640ಕ್ಕ ಸುತ್ತಿಗಿ ಬಿತ್ತು. ಅದರ ಮ್ಯಾಲ ಲಿಲಾವದವರ ಪಾಲು ನೂರಕ್ಕ 25 ಕೂಡಿ ಕೊಂಡವರಿಗೆ 800 ಯೂರೋ. ಎಪ್ಪತ್ತು ವರ್ಷ ಅವ್ವನ ಟೇಬಲ್ಲಿನ ಮ್ಯಾಲಿದ್ದದ್ದು ಒಂದು ನಿಮಿಷದಾಗ ಯಾರದೋ ಆತು. ಮಾರೂವರು ತಾವ ಕೈ ಎತ್ತಿ ಕೂಗಂಗಿಲ್ಲ. ಅಜ್ಜಿ ಎರಡೂ ಕೈ ತೊಡಿ ಮ್ಯಾಲ ಬಿಗಿಹಿಡದು ಕೂತಿದ್ರು. ನಾ ಅವರ ಕೈ ಮ್ಯಾಲ ಕೈ ಇಟ್ಟೆ. ಮತ್ತೇನು ಮಾಡ್ಲಿ?

ಅವತ್ತ ರಾತ್ರಿ ನಂಗ ನಿದ್ದಿ ಬರಲಿಲ್ಲ. ನಮ್ಮವ್ವ ಹೋದ ಮ್ಯಾಲ ನಾವು ನಾಲ್ಕು ಮಂದಿನೂ ಹಿಂಗ ಹಂಚಿಕೊಂಡೀವಿ. ಹಿತ್ತಾಳಿ, ತಾಮ್ರದ ಭಾಂಡೆ ಕಿಲೋ ಲೆಕ್ಕದಾಗ ತೂಗಿದ್ರು. ನಂಗ ಬಂದ ತಂಬಗಿ ಮ್ಯಾಲ ಅವ್ವನ ಹೆಸರು, ಮದವಿ ವರ್ಷ 1961 ಕೊರದದ್ದದ. ನಮ್ಮ ಕಡೆ ಎಲ್ಲಾ ಭಾಂಡೆಕ್ಕ ಹೆಸರು ಹಾಕಸ್ತೀವಲ್ಲ, ಆ ತಜ್ಞ ಹಿಂದ ತಿರಿವಿ ಹುಡುಕಿದ್ದೂ ಅದನ್ನ. ಆದ್ರ ಅವ್ವನ ಕಡಗೋಲಕ್ಕ ಯಾರು ಹೆಸರು ಹಾಕಸ್ತಾರ? ತೂಕಕ್ಕ ಬರೂದಿಲ್ಲ, ಬೆಲಿ ಇಲ್ಲ. ಕಟಗಿ ಗುಂಪಿನ್ಯಾಗ ಬಿದ್ದಿತ್ತು. ನಾ ನೋಡಿದೆ. ಫ್ಲ್ಯಾಟಿನ್ಯಾಗ ತಗೊಂಡು ಏನು ಮಾಡ್ಲಿ, ಕೇಳಿದ್ರ ಮಂದಿ ನಕ್ಕಾರು ಅಂತ ಸುಮ್ಮನಾದೆ. ಮರುದಿನ ನೀರೊಲಿಗೆ ಹೋತು. ಯಾರ ಮ್ಯಾಲೂ ತಪ್ಪಿಲ್ಲ, ನಾನ ಬಾಯಿ ಬಿಡಲಿಲ್ಲ. ಅಜ್ಜಿ ಚಿತ್ರ ಹೋದ್ರೂ ಯಾರದೋ ಗ್ವಾಡಿ ಮ್ಯಾಲ ಇರತದ. ನನ್ನದು ಬೂದಿ.

ಊರಿಗೆ ಬಂದ ಮ್ಯಾಲ ಅಣ್ಣಗ ಫೋನ್ ಮಾಡಿ, "ಅವ್ವ ಕಡಗೋಲ ಕಟ್ಟತಿದ್ದ ಕಂಬ ಇನ್ನೂ ಅದಯೇನೋ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮ್ಯಾಲ, "ಅದ ಬಿಡವಾ, ಹಗ್ಗ ತಿಕ್ಕಿ ಬಿದ್ದ ಗೀರೂ ಹಂಗ ಅದ" ಅಂದ. ಸಂಜಿಗೆ ಅದರ ಫೋಟೋ ಕಳಿಸಿದ. ಅಣ್ಣನ ಬೆರಳೂ ಅದರಾಗ ಬಂದದ.

ಅದನ್ನ ತೊಳಸಿ ಇಟ್ಟೀನಿ. ಹಿಂದ ಅವ್ವನ ಹೆಸರು ಬರದು, ಯಾವ ಊರು, ಯಾವ ಮನಿ, ಈ ಗೀರು ಹೆಂಗ ಬಿತ್ತು, ಎಲ್ಲಾ ಬರದೀನಿ. ನೀವೂ ಇವತ್ತ ಒಮ್ಮೆ ಅಟ್ಟದ ಮ್ಯಾಲ ಕೈ ಆಡಿಸ್ರಿ. ಹಿರೇರು ಮನ್ಯಾಗ ಇದ್ದಾರ ಅಂದ್ರ ಅವರನ್ನ ಕೇಳ್ರಿ, ಬರದಿಡ್ರಿ. ಬೇಕಾದದ್ದನ್ನ ಬೇಕು ಅನ್ನಲಿಕ್ಕೆ ನಾಚಿಕೋಬ್ಯಾಡ್ರಿ.